ಇಪ್ಪತ್ತೆಂಟನೆಯ ದಿನ, ಡಂಡೀ

ಶಂಕುವನ್ನು ಎತ್ತಿದಾಗ ಸದ್ದೇ ಇಲ್ಲ.
ಬೂದು ರಾಡಿ ತನ್ನ ಭಾರಕ್ಕೆ ತಾನೇ ಸೋತು
ಉಕ್ಕಿನ ಹಲಗೆಯ ಮೇಲೆ ಮೆಲ್ಲಗೆ ಹರಡುತ್ತದೆ,
ಸೌಟು ಆಡಿಸದೆ ದುಂಡಗಾಗುವ ದೋಸೆ.
ಇನ್ನಿಸ್ ಡಥಿ ಬಗ್ಗಿ ಟೇಪು ಹಿಡಿಯುತ್ತಾನೆ:
ಆರುನೂರ ತೊಂಬತ್ತು.
ಅಂಚಿನಲ್ಲಿ ನೀರು ಬಿಟ್ಟಿಲ್ಲ, ನಡುವೆ ಎಳೆಗಳು ಗುಂಪುಗಟ್ಟಿಲ್ಲ.
ಜಾಣೆ, ಎನ್ನುತ್ತಾನೆ. ನನಗಲ್ಲ.

ಹೋದ ವಾರದ್ದು ಕೆಟ್ಟಿತ್ತು.
ಎಳೆ ಒಂದು ಹಿಡಿ ಹೆಚ್ಚಾಗಿ
ಲಾಳಿಕೆಯ ಕೊರಳಲ್ಲಿ ಕಾಗೆಗೂಡು ಕಟ್ಟಿ ಕೂತಿತ್ತು.
ಎಷ್ಟು ಸಾಕೆಂದು ಪುಸ್ತಕ ಹೇಳುತ್ತದೆ,
ಎಷ್ಟು ಅತಿಯೆಂದು ಸನಿಕೆ.

ಇಲ್ಲಿ ಅದುರಿಸುವ ಯಂತ್ರ ಬೇಡ.
ಮೂಲೆಮೂಲೆಗೂ ತಾನೇ ಹೊಕ್ಕು ಕೂರುತ್ತದೆ ಈ ಕಾಂಕ್ರೀಟು.
ಒಂದು ಸಲ ಗವಸು ತೆಗೆದು ತೋರಿಸಿದ್ದ ಇನ್ನಿಸ್:
ಇಪ್ಪತ್ತೆರಡು ವರ್ಷ ವೈಬ್ರೇಟರ್ ಹಿಡಿದ ಕೈ,
ಚಳಿ ಸೋಕಿದರೆ ಮೂರು ಬೆರಳು ಸುಣ್ಣದಂತೆ ಬೆಳ್ಳಗೆ.
ಅಂಗಿಯ ಗುಂಡಿಗೆ ಹೆಂಡತಿಯನ್ನು ಕರೆಯಬೇಕು.
ಅವನ ಅಜ್ಜಿ ಜೆಸ್ಸಿ, ಸೆಣಬಿನ ಗಿರಣಿಯವಳು,
ಮಗ್ಗಗಳ ಗದ್ದಲಕ್ಕೆ ಕಿವಿ ಕೊಟ್ಟಳು,
ಕೊಟ್ಟದ್ದು ವಾಪಸು ಬರಲಿಲ್ಲ.
ತುಟಿ ನೋಡಿ ಮಾತು ಓದುತ್ತಿದ್ದಳಂತೆ;
ದೀಪ ಆರಿದ ಮೇಲೆ
ಯಾರ ಬೈಗುಳವೂ ಅವಳನ್ನು ಮುಟ್ಟುತ್ತಿರಲಿಲ್ಲ.
ನಾರಿನ ಊರು ಇದು.

ಹಳೆಯ ಎರಕಗಳನ್ನು ಇವತ್ತು ಮುರಿಯಬೇಕು.
ತೊಟ್ಟಿಯ ನೀರಲ್ಲಿ ಇಪ್ಪತ್ತೆಂಟು ದಿನ ನೆಂದ ತೊಲೆಗಳು,
ಮೈಮೇಲೆ ಸೀಮೆಸುಣ್ಣದ ನಂಬರು.
ಮೊದಲು ಎಳೆಯಿಲ್ಲದ್ದು.
ಮುಳ್ಳು ಏರುತ್ತದೆ, ಏರುತ್ತದೆ,
ಪಟ್.
ಎರಡೇ ತುಂಡು. ಒಂದು ನರಳಿಕೆಯೂ ಇಲ್ಲ.
ಕಿಟಕಿಯಾಚೆ ಟೇ ನದಿಯಲ್ಲಿ
ಬಿದ್ದ ಸೇತುವೆಯ ಕಂಬದ ಬುಡಗಳು
ಈಗಿನದರ ಪಕ್ಕ ಇನ್ನೂ ಸಾಲಾಗಿ ನಿಂತಿವೆ.
ಇನ್ನಿಸ್ ಅತ್ತ ನೋಡುವುದಿಲ್ಲ, ಪೊರಕೆ ಹುಡುಕುತ್ತಾನೆ.

ಎಳೆಯುಳ್ಳದ್ದೂ ಬಿರಿಯಿತು,
ಹೆಚ್ಚುಕಡಿಮೆ ಅಷ್ಟೇ ಭಾರಕ್ಕೆ.
ಬಿರಿಯದಂತೆ ಕಾಯುತ್ತವೆ ಎಂದುಕೊಂಡಿದ್ದೆ ನಾನು, ಬಂದ ಹೊಸತರಲ್ಲಿ.
ಬಿರಿದ ಮೇಲೆ ಅವುಗಳ ಪಾಳಿ.
ಸೀಳಿನ ಅಡ್ಡಕ್ಕೆ ಕೊಕ್ಕೆಬಾಯಿಯ ತಂತಿಗಳು
ಜಗ್ಗಿ, ಜಾರಿ, ಕಿರುಗುಟ್ಟಿ,
ಒಂದು ಕೈಬಿಟ್ಟದ್ದನ್ನು ಪಕ್ಕದ್ದು ಹಿಡಿದು;
ತೆರೆಯ ಮೇಲಿನ ಗೆರೆ
ಬೀಳುವುದನ್ನು ಮುಂದೂಡುತ್ತ ಮುಂದೂಡುತ್ತ ಇಳಿಯಿತು.
ನಾಲ್ಕು ಮಿಲಿಮೀಟರಿಗೆ ನಿಲ್ಲಿಸಬೇಕು. ನಿಲ್ಲಿಸಲಿಲ್ಲ ಅವನು.
ಇನ್ನೂ ಸ್ವಲ್ಪ, ಎಂದ. ನೋಡೋಣ.
ಚಹಾ ಆರಿತು.

ಹೂವಿನ ಜೊತೆ ನಾರೂ ಸ್ವರ್ಗ ಕಂಡಿತು
ಎಂದು ಶಾಲೆಯಲ್ಲಿ ಕಾಪಿ ಬರೆದವಳು ನಾನು.
ಹೂವಿಲ್ಲದ ನಾರಿಗೆ ಏನು ಕೆಲಸವೆಂದು
ಮೇಷ್ಟ್ರು ಹೇಳಿರಲಿಲ್ಲ.

ಸಂಜೆ ಕಸದ ಡಬ್ಬಕ್ಕೆ ಸಾಗಿಸುವಾಗ
ಎಳೆಯಿಲ್ಲದ್ದನ್ನು ಆಳಿಗೊಂದು ತುಂಡು ಎತ್ತಿ ಎಸೆದೆವು.
ಇದು ಬಾಯಿ ಬಿಟ್ಟುಕೊಂಡೇ ಒಂದಾಗಿತ್ತು.
ಆಚೆ ತುದಿ ಅವನು, ಈಚೆ ತುದಿ ನಾನು,
ಬಾಗಿಲ ಗಾಳಿಗೆ ಅವನ ಬೆರಳು ಬೆಳ್ಳಗಾದವು.
ಇಳಿಸೋಣವೇ, ಎಂದೆ.
ಹಿಡಿ, ಎಂದ.