ಮೂರನೆಯ ನಕ್ಷೆ

ಅಡಿಗಲ್ಲು ಎಲ್ಲಕ್ಕಿಂತ ಮೊದಲು ಬಂದಿತ್ತು.
ಕುಮಟೆಯ ನಮ್ಮ ಕಚೇರಿಯ ಜಗಲಿಯಲ್ಲಿ ಅಂಗಾತ ಮಲಗಿ
ಆರು ವರ್ಷ.
'ಸಣಕೂರ್ವೆ ಕಾಲುಸಂಕ' ಎಂದು ಕೊರೆದಿದ್ದರು,
ತಾರೀಖಿನ ಜಾಗ ಮಾತ್ರ ನುಣ್ಣಗೆ ಖಾಲಿ.
ಜವಾನ ಮಾಸ್ತಿ ಅಲ್ಲೇ ಚಹಾ ಗ್ಲಾಸು ಇಡುತ್ತಿದ್ದ,
ಉಂಗುರದ ಮೇಲೆ ಉಂಗುರ.

ಮೊದಲ ನಕ್ಷೆ ಬರೆದವನು ನಾನೇ.
ಮೇ ತಿಂಗಳ ಒಂದು ಬೆಳಿಗ್ಗೆ, ಇಳಿತದ ವೇಳೆ,
ಟೇಪು ಹಿಡಿದು ಒಂದೇ ಸಲ ಅಳೆದೆವು.
ಸಾಹೇಬರ ಜೀಪು ಊಟಕ್ಕೆ ಮರಳಬೇಕಿತ್ತು.
ಹೊಳೆ ಎಂಬತ್ತು ಮೀಟರು ಅಂದರು,
ಎಂಬತ್ತಕ್ಕೆ ನೀಲಿ ಗೆರೆ ಎಳೆದೆ.
ಗೆರೆಗೇನು,
ಹೇಳಿದಷ್ಟು ಅಗಲ.

ಆಷಾಢದಲ್ಲಿ ಅಘನಾಶಿನಿ ನನ್ನ ನಕ್ಷೆ ಓದಲಿಲ್ಲ.
ಎರಡು ಕಂಬ ಉಳಿದವು ನಡುನೀರಿನಲ್ಲಿ,
ಆಚೆಯವೂ ಅಲ್ಲ, ಈಚೆಯವೂ ಅಲ್ಲ.
ಈಗಲೂ ನೀರುಕಾಗೆಗಳು ಅಲ್ಲಿ ರೆಕ್ಕೆ ಒಣಗಿಸುತ್ತವೆ.
ತಿಂಗಳ ವರದಿಯಲ್ಲಿ ಅವಕ್ಕೆ
'ಕಾಮಗಾರಿ ಪ್ರಗತಿಯಲ್ಲಿದೆ' ಎಂದು ಹೆಸರು.

ಎರಡನೆಯದು ಹುಬ್ಬಳ್ಳಿಯ ಕಂಪನಿಯಿಂದ ಬಣ್ಣಬಣ್ಣವಾಗಿ ಬಂತು:
ದೀಪದ ಸಾಲು, ಕೂರಲು ಬೆಂಚು,
ಎರಡೂ ತುದಿಗೆ ಇಪ್ಪತ್ತಿಪ್ಪತ್ತು ಮೆಟ್ಟಿಲು.
ಕೂಡುರಸ್ತೆ ಬಿದ್ದದ್ದು ಹೊನ್ನಮ್ಮ ಪಟಗಾರಳ
ಕಗ್ಗದ ಗದ್ದೆಯ ನಟ್ಟನಡುವೆ.
ಅವಳನ್ನು ಯಾರೂ ಕೇಳಿರಲಿಲ್ಲ.
ಅವಳು ಕೋರ್ಟಿಗೆ ಹೋದಳು,
ನಕ್ಷೆ ಕಪಾಟಿಗೆ ಹೋಯಿತು.

ಆಮೇಲೆ ಬಂದರು ಪ್ರಫುಲ್ಲಾ ರೇವಣಕರ,
ಕಾರವಾರದವರು, ಹೊಸ ಇಂಜಿನಿಯರು.
ಮೂರು ವಾರ ಒಂದಕ್ಷರ ಬರೆಯಲಿಲ್ಲ.
'ಈ ಸಂಕ ಯಾರು ದಾಟುವುದಕ್ಕೆ?'
ಊರವರು ಮೇಡಂ, ಎಂದು ನಕ್ಕೆ.
'ಎಷ್ಟು ಹೊತ್ತಿಗೆ? ಏನು ಹೊತ್ತು?'
ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ
ಈ ಪ್ರಶ್ನೆಗೆ ಒಂದು ಕಾಲಮ್ಮು ಇರಲಿಲ್ಲ.

ದೋಣಿಯ ಜಟ್ಟಪ್ಪ ಅಂಬಿಗ ಉತ್ತರ ಕೊಟ್ಟ:
'ಬೆಳಗಾಗೂಕೆ ಮುಂಚೆ ಬೆಳಚಿನ ಬುಟ್ಟಿ ಬತ್ತದೆ ಅಮ್ಮಾ.
ತಲೆ ಮೇಲೆ ಒದ್ದೆ ಬುಟ್ಟಿ, ಸೊಂಟದಲ್ಲಿ ಕೂಸು.
ನಿಮ್ಮ ಮೆಟ್ಲು ಹತ್ತೂಕೆ ಅವರೇನು ಗಣಪತಿ ಹೊತ್ತವರೋ?'

ಅವನೇ ಒಂದು ಬಿದಿರ ಗಳು ನೆಟ್ಟ.
ಹುಣ್ಣಿಮೆ ಅಮಾಸೆ ತಪ್ಪಿಸದೆ,
ಭರತದ ನೀರು ಮುಟ್ಟಿದಲ್ಲಿ ಕತ್ತಿಯಿಂದ ಒಂದು ಗಾಯ.
ಯುಗಾದಿಯಿಂದ ದೀಪಾವಳಿ, ದೀಪಾವಳಿಯಿಂದ ಮತ್ತೆ ಯುಗಾದಿ.

ನಡುವೆ ಬೆಂಗಳೂರಿಂದ ಫೋನು.
ಮಾರ್ಚ್ ಮೂವತ್ತೊಂದು ದಾಟಿದರೆ ಹಣ ವಾಪಸ್ಸು,
ಏನೋ ಒಂದು ಟೆಂಡರು ಕರೆದುಬಿಡಿ.
'ಹೋಗಲಿ ಸರ್. ಹಣಕ್ಕೆ ಹೋಗಿ ಬಂದು ರೂಢಿಯಿದೆ,
ಕಂಬಕ್ಕಿಲ್ಲ.'
ಇಷ್ಟು ಹೇಳಿ ಫೋನಿಟ್ಟರು.
ಇಟ್ಟ ಮೇಲೆ ಅವರ ಕೈ ನಡುಗಿದ್ದನ್ನು
ನಾನೂ ಮಾಸ್ತಿಯೂ ನೋಡಲಿಲ್ಲ ಎಂಬಂತೆ ಕೂತೆವು.

ಹೊನ್ನಮ್ಮನ ಮನೆಗೆ ಐದು ಸಲ ಹೋದರು.
ನಾಲ್ಕು ಸಲ ಬಾಗಿಲು ತೆರೆಯಲಿಲ್ಲ.
ಐದನೆಯ ಸಲ ಅವಳು ನಕ್ಷೆಯನ್ನು ತಿರುಗಿಸಿ ಹಿಡಿದು
ಗದ್ದೆಯ ಅಂಚಿಗೆ ಬೆರಳಿಟ್ಟು ಹೇಳಿದಳು,
ಇಲ್ಲಾಗಿ ತಕ್ಕೊಂಡು ಹೋಗಿ.

ಮೂರನೆಯದನ್ನು ನಾನು ಬರೆದದ್ದು
ನಿವೃತ್ತಿಗೆ ಎರಡು ತಿಂಗಳು ಇರುವಾಗ.
ಹೊಳೆ ನೂರ ಮೂವತ್ತೆರಡು.
ಮೆಟ್ಟಿಲಿಲ್ಲ, ಬುಟ್ಟಿ ನಡೆಯುವಂಥ ಇಳಿಜಾರು.
ಬಲ್ಬು ಸುಟ್ಟರೆ ಹಾಕುವವರು ಯಾರು,
ಕಂಬಿಗೆ ಬಣ್ಣದ ದುಡ್ಡು ಯಾವ ಪಂಚಾಯ್ತಿಯದು,
ಎಲ್ಲ ಅಂಚಿನಲ್ಲಿ ಸಣ್ಣಕ್ಷರದಲ್ಲಿ.
ಕೆಂಪು ಚುಕ್ಕಿಯ ಒಂದು ಗೆರೆಯ ಪಕ್ಕ
ತಮಾಷೆಗೆ 'ಜಟ್ಟಪ್ಪನ ಗಾಯ, ಶ್ರಾವಣ ಹುಣ್ಣಿಮೆ' ಎಂದಿದ್ದೆ.
ಅಳಿಸಲು ರಬ್ಬರು ತೆಗೆದೆ.
ಇರಲಿ ಅಂದರು ಮೇಡಂ.

ಸಂಕ ಇನ್ನೂ ಆಗಿಲ್ಲ. ಮಂಜೂರಾಗಿದೆ.
ಹೋದ ವಾರ ಸುಮ್ಮನೆ ಆ ಕಡೆ ಹೋಗಿದ್ದೆ,
ಜಟ್ಟಪ್ಪನ ದೋಣಿಯಲ್ಲೇ.
ನಡುಹೊಳೆಯಲ್ಲಿ ಹುಟ್ಟು ನಿಲ್ಲಿಸಿ ಕೇಳಿದ:
'ಎಲ್ಲಾ ಕೇಳಿ ಬರ್ಕೊಂಡ್ರಿ.
ಸಂಕ ಆದ್ಮೇಲೆ ನನ್ ದೋಣಿ ಎಂತ ಮಾಡೂದು?
ಅದೂ ಬರೆದದ್ದುಂಟಾ?'

ನಾನು ಗಳುವಿನ ಕಡೆ ನೋಡಿದೆ.
ಗಾಯಗಳ ಬಾಯಿಗೆ ಆಗಲೇ
ಸಣ್ಣ ಸಣ್ಣ ಸಿಂಪಿ ಕಚ್ಚಿಕೊಂಡಿದ್ದವು.
ನೀರು ಏರುತ್ತಿತ್ತು.