ಅಪೂರ್ಣ ಭೂತಕಾಲ

ನಮ್ಮ ವಿಶ್ವವಿದ್ಯಾಲಯಕ್ಕೆ ಊರಿರಲಿಲ್ಲ.
ಊರು ಕಡಲ ಬಳಿಯೇ ಉಳಿದು
ನಾಮಫಲಕವೊಂದು ಲಾರಿ ಹತ್ತಿ
ತ್ಬಿಲಿಸಿಗೆ ಬಂದಿತ್ತು, ನಮ್ಮ ಹಾಗೆ.
ಸಿಕ್ಕಿದ್ದು ಒಂದು ಪ್ರಾಥಮಿಕ ಶಾಲೆ,
ಅದೂ ಸಂಜೆ ನಾಲ್ಕರ ಮೇಲೆ.
ಏಳು ವರ್ಷದ ಮಕ್ಕಳ ಬೆಂಚಿನಲ್ಲಿ
ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು
ಗ್ರೀಕ್ ಕಲಿತೆವು.

ಕರೆಂಟಿಲ್ಲ. ತಲೆಗೊಂದು ಸೌದೆ ತರಬೇಕು:
ಅದೇ ಫೀಸು, ಅದೇ ಹಾಜರಿ.
ಲಮಾರಾ ಮೇಡಂ ಕೈಗವಸು ಕಳಚದೆ
ಸೀಮೆಸುಣ್ಣ ಹಿಡಿದು
ಮೊದಲ ದಿನ ಬರೆದದ್ದು ಅಕ್ಷರವಲ್ಲ, ಒಂದು ಕೊಲ್ಲಿ.
ನಾವು ಕಣ್ಣುಮುಚ್ಚಿ ಬರೆಯಬಲ್ಲ ಕೊಲ್ಲಿ.
‘ಇಲ್ಲಿ, ನೀರಿನಡಿ, ಒಂದು ಪೇಟೆಯಿತ್ತು.
ಉಪ್ಪು, ಅಗಸೆ ನಾರು, ಗುಲಾಮರು ಮಾರುತ್ತಿದ್ದರು.’
‘ನೀವು ನೋಡಿದ್ದೀರಾ?’ ಬೆಸೊ ಕೇಳಿದ.
‘ಈಜು ಬರದು ನನಗೆ.
ಬಿರುಗಾಳಿಯ ಮರುದಿನ ಮರಳಿಗೆ ಹೋಗುತ್ತಿದ್ದೆ,
ಹಿಡಿಕೆ ಸಿಗುತ್ತಿದ್ದವು. ಕೊಡವಿಲ್ಲದ ಹಿಡಿಕೆ.’

ಓಡಿ ಬಂದ ರಾತ್ರಿ ಚಳಿಕೋಟು ಬಿಟ್ಟು
ಅದರಲ್ಲೊಂದನ್ನು ತಂದಿದ್ದರು, ಪುಣ್ಯಾತ್ಗಿತ್ತಿ.
ಕೈಯಿಂದ ಕೈಗೆ ಬಂತು.
ಕುಂಬಾರ ಒತ್ತಿದ ಹೆಬ್ಬೆರಳ ಗುಳಿ ಅದರ ಬುಡದಲ್ಲಿ.
ನಮಗಾರಿಗೂ ಕೂರಲಿಲ್ಲ. ಗೊಚಾನಿಗೆ ಕೂತಿತು.
‘ಅವನೂ ಎಡಚ’ ಅಂದ,
ನೆರೆಮನೆಯವನ ಸುದ್ದಿ ಹೇಳುವಂತೆ.

ಆಮೇಲೆ ವ್ಯಾಕರಣ.
ಗ್ರೀಕರಿಗೆ ನಿನ್ನೆಗಳು ಒಂದೇ ಬಗೆಯಲ್ಲ.
ಆಗಿಹೋದದ್ದು ಒಂದು: ಬಾಗಿಲು ಹಾಕಿದ, ಮುಗಿಯಿತು.
ಆಗುತ್ತಿದ್ದದ್ದು ಇನ್ನೊಂದು: ಬಾಗಿಲು ಹಾಕುತ್ತಿದ್ದ,
ಹಾಕಿದನೋ, ಯಾರೋ ಕರೆದರೋ,
ಕ್ರಿಯಾಪದ ಬಾಯಿ ಬಿಡುವುದಿಲ್ಲ.
‘ಎರಡೂ ಭೂತವೇ’ ಅಂದರು ಮೇಡಂ,
‘ಎರಡನೆಯದು ಮಾತ್ರ ಮನೆ ಬಿಟ್ಟು ಹೋಗದ ಭೂತ.’
ನಕ್ಕೆವು. ಬಾಯಿಂದ ಹಬೆ ಬಂತು.

ಪರೀಕ್ಷೆಗೆ ಕೊಟ್ಟದ್ದು ಒಂದು ಗೋರಿಕಲ್ಲಿನ ಸಾಲು,
ಕಾಳಗದಲ್ಲಿ ಸತ್ತ ಯಾರದೋ ಮಗ:
ಗೋಡೆಯ ಬಳಿ ಬಿದ್ದ.
ಗೊಚಾ ಬರೆದಿದ್ದ: ಬೀಳುತ್ತಿದ್ದ.
ಕೆಂಪು ಗೆರೆ. ಅರ್ಧ ಅಂಕ ಕಡಿತ.
ಅವನು ಬಾಗಿಲ ತನಕ ಜಗಳವಾಡಿದ.

ಆಗಸ್ಟಿನಲ್ಲಿ ಅಜ್ಜನ ತೋಟದ ಹೇಝಲ್ ಕಾಯಿ ಕುಯ್ಯಲು
ಎಂಗುರಿ ಹೊಳೆ ದಾಟಿದ, ರಾತ್ರಿ, ಎರಡು ಖಾಲಿ ಚೀಲದೊಡನೆ.
ಒಂದು ಈಡು ಕೇಳಿಸಿತಂತೆ.
ಕೇಳಿದವರು ಮೂವರು. ಕಂಡವರಿಲ್ಲ.
ಒಂದು ಚೀಲ ಸಿಕ್ಕಿತೆಂದರು, ಅದೂ ಅವನದೇ ಎಂದು
ಅವನ ತಾಯಿ ಒಪ್ಪಲಿಲ್ಲ.

ಹಾಜರಿಯಲ್ಲಿ ಅವನ ಹೆಸರು ಕೂಗುತ್ತಲೇ ಇದ್ದರು ಮೇಡಂ.
ಕೂಗಿ, ಒಂದು ಉಸಿರು ತಡೆದು, ಮುಂದಿನವರ ಹೆಸರಿಗೆ.
ಒಲೆಯ ಬದಿ ಸೌದೆ ಎಣಿಸಿದರೆ
ಒಂದು ಹೆಚ್ಚೇ ಇರುತ್ತಿತ್ತು.

ವರ್ಷಗಳು ಕಳೆದು ಅವರ ಬೀರು ನನಗೆ ಬಂತು.
ಹಳೆ ಉತ್ತರಪತ್ರಿಕೆಗಳ ಕಟ್ಟಿನಲ್ಲಿ ಆ ಕೆಂಪು ಗೆರೆ.
ತೆಗೆದುಕೊಂಡು ಅವರ ಮನೆಗೆ ಹೋದೆ.
ಕನ್ನಡಕ ಹುಡುಕಿದರು, ಓದಿದರು, ಚಹಾ ಆರಿತು.
‘ಈಗಲಾದರೂ ಆ ಅರ್ಧ ಕೊಡಬಹುದಲ್ಲ?’
‘ತಪ್ಪು ತಪ್ಪೇ, ಎತೆರಿ.
ಕಲ್ಲಿನ ಹುಡುಗನನ್ನು ಯಾರೋ ಹೊತ್ತು ತಂದರು,
ತೊಳೆದರು, ದುಡ್ಡು ಕೊಟ್ಟು ಕೆತ್ತಿಸಿದರು.
ಅವನು ಬಿದ್ದ. ಅದು ಗೊತ್ತು.’
ಕಾಗದ ಮಡಚಿ ನನ್ನ ಕೈಗಿಟ್ಟರು.
‘ಕಲ್ಲಿಲ್ಲದವನಿಗೆ
ಇನ್ನೊಂದು ಕಾಲ ಇದೆಯಲ್ಲ, ಅದರಲ್ಲಿರಲಿ.’

ಇವತ್ತು ನನ್ನ ತರಗತಿಗೆ ಹೀಟರಿದೆ, ಬೆಂಚು ದೊಡ್ಡವು.
ಕೊಲ್ಲಿ ಬರೆದರೆ ಮಕ್ಕಳು
ಯಾವ ಕೊಲ್ಲಿ ಎಂದು ಕೇಳುತ್ತಾರೆ.
ಹಿಡಿಕೆ ಕೈಯಿಂದ ಕೈಗೆ ಹೋಗಿ
ಕೊನೆಯ ಸಾಲಿನ ಹುಡುಗಿಯ ಬಳಿ ನಿಂತಿತು.
‘ಮೇಡಂ, ಬೆರಳು ಕೂರುತ್ತಿಲ್ಲ.’
‘ಎಡಗೈ ಇಟ್ಟು ನೋಡು’ ಅಂದೆ.