ಗುರುತಿಲ್ಲದ ಕಾವಲಿ

ಮೊದಲು ಬೆನ್ನು ನೋಡು ಅನ್ನುತ್ತಾನೆ ಸವರಿಯಪ್ಪ,
ಮುಖ ಎಲ್ಲರೂ ತೊಳಕೊಂಡೇ ಬರುತ್ತಾರೆ.

ಬಿ.ಎಚ್. ರಸ್ತೆಯ ನಮ್ಮ ಗುಜರಿಯಲ್ಲಿ
ಎಣ್ಣೆಡಬ್ಬ ಬೋರಲು ಹಾಕಿ ಕೂತಿರುತ್ತಾನೆ,
ಮೂವತ್ತೊಂದು ವರ್ಷ ಭದ್ರಾವತಿಯ ಫೌಂಡ್ರಿಯಲ್ಲಿ
ಮರಳಿನ ಅಚ್ಚು ಕಟ್ಟಿದವನು.
ಎಡಗೈಗೆ ಹೆಬ್ಬೆರಳಿಲ್ಲ.
ದಿನಕ್ಕೆ ಎರಡು ಚಾ, ಒಂದು ಕಟ್ಟು ಬೀಡಿ,
ಇಷ್ಟೇ ನಾನು ಕೊಡುವ ಸಂಬಳ.

ಬೆನ್ನ ಮೇಲೆ ಉದ್ದ ಗೀರಿದ್ದರೆ ಹಳೇದು, ಜುಲೇಖಾ.
ಕಬ್ಬಿಣ ಒಳಗೆ ಹೋದದ್ದು ಅಲ್ಲಿಂದ,
ಕೂಸಿಗೆ ಹೊಕ್ಕುಳಿದ್ದ ಹಾಗೆ.
ಅದನ್ನೂ ಉಜ್ಜಿ ನುಣ್ಣಗೆ ಮಾಡಿದ್ದರೆ
ಯಾರೋ ಮೆಷಿನ್ನಿಗೆ ಕೊಟ್ಟಿದ್ದಾರೆ. ಅರ್ಧ ಬೆಲೆ.
ಆಮೇಲೆ ಕಿವಿ ಹಿಡಿದು ತೂಗುಬಿಟ್ಟು
ಬೀಗದ ಕೈಯಿಂದ ಬಡಿ.
ಗಂಟೆಯಂತೆ ಕೂಗಿದರೆ ಗಟ್ಟಿ.
ಡಬ್ ಅಂದರೆ ಒಳಗೆಲ್ಲೋ ಸೀಳಿದೆ;
ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸು,
ಬಿರುಕು ತನ್ನ ದಾರಿ ತಾನೇ ಬರಕೊಳ್ಳುತ್ತದೆ.

ಚಪ್ಪಡಿ ಮೇಲಿಟ್ಟು ಅಂಚು ಒತ್ತು.
ತೊಟ್ಟಿಲಾಡಿತೋ,
ಕೆಂಡದ ಮೇಲಿದ್ದಾಗ ಯಾರೋ ತಣ್ಣೀರು ಸುರಿದಿದ್ದಾರೆ.
ಸಿಟ್ಟಿಗೋ, ಮರೆವಿಗೋ,
ಅಷ್ಟನ್ನು ಕಬ್ಬಿಣ ಹೇಳುವುದಿಲ್ಲ.

ತುಕ್ಕಿಗೆ ಹೆದರಬೇಡ, ಹುಣಸೆಹಣ್ಣಿಗೆ ಹೋಗುತ್ತದೆ.
ಆದರೆ ಈ ಕಪ್ಪಿದೆಯಲ್ಲ, ಇದು ಕಬ್ಬಿಣದ್ದಲ್ಲ.
ಅರ್ಧ ಈರುಳ್ಳಿ ಎಣ್ಣೆಗದ್ದಿ ಸವರಿದ ಸಾವಿರ ಬೆಳಗು.
ಇದನ್ನು ಕೆರೆದು ಹೊಳಪು ತಂದೆಯೋ
ನಾಳೆಯಿಂದ ನಿನ್ನ ಚಾ ನೀನೇ ಕುಡಿ.

ಕಳೆದ ಸೋಮವಾರ ಬಂದವನು ಸುಧನ್ವ,
ತೀರ್ಥಹಳ್ಳಿ ದಾರಿಯಲ್ಲಿ ಹೋಂಸ್ಟೇ ಕಟ್ಟುತ್ತಿದ್ದಾನೆ.
ಅಡುಗೆಗಲ್ಲ, ಗೋಡೆಗೆ.
ಇಂಗ್ಲಿಷ್ ಅಕ್ಷರ ಇರಬೇಕು, ಇಸವಿ ಇದ್ದರೆ ಇನ್ನೂ ಒಳ್ಳೇದು.
ಸವರಿಯಪ್ಪ ಮೂಲೆಯಿಂದ ಒಂದನ್ನು ಎಳೆದ,
ಹೋದ ವರ್ಷ ಹೊಯ್ದು ಉಪ್ಪುನೀರಲ್ಲಿ ಮುದಿಯಾಗಿಸಿದ್ದು.
ಅದು ಅವನಿಗೂ ಗೊತ್ತು, ನನಗೂ ಗೊತ್ತು.
ನಾಲ್ಕು ಸಾವಿರ.
ಕಾರಿನ ಸೀಟಿಗೆ ಪೇಪರ್ ಹಾಸಿ ಮಲಗಿಸಿಕೊಂಡು ಹೋದ.

ಆಗಲೇ ಹೊಳೆಹೊನ್ನೂರಿನ ದೇವೀರಮ್ಮ
ಗೋಣಿಚೀಲ ಕೊಡವಿದ್ದು:
ಮುರಿದ ಪಂಪು, ಎರಡು ಕುಡುಗೋಲು, ಒಂದು ಕಾವಲಿ.
ಮೂರು ಕೆಜಿ ನಾನೂರು. ಅಕ್ಷರವಿಲ್ಲ, ಅಂಕಿಯಿಲ್ಲ.
ಗ್ಯಾಸಿನ ಮೇಲೆ ಕೂರಲ್ಲ ಕಣವ್ವಾ ಇದು, ತೂಕಕ್ಕೆ ಹಾಕ್ಕೊ.

ಸವರಿಯಪ್ಪ ಬೆನ್ನು ತಿರುಗಿಸಿದ. ಬಡಿಯಲಿಲ್ಲ.
ಕಿವಿಯ ಬುಡದಲ್ಲಿ ಒಂದು ಗುಳಿ,
ಹಸಿ ಮರಳಿಗೆ ಯಾರೋ ಹೆಬ್ಬೆರಳೊತ್ತಿದ್ದು,
ಗೆರೆ ಸಮೇತ ಕಬ್ಬಿಣವಾಗಿತ್ತು.
ಬಲಗೈ ಹೆಬ್ಬೆರಳಿಟ್ಟು ನೋಡಿದ.
ಓರೆ ಸೇರಲಿಲ್ಲ.

ರಾತ್ರಿ ಪಾಳಿ ಅಂದ, ಸುಮಾರು ಹೊತ್ತು ಬಿಟ್ಟು.
ಸೌಟಿನ ತಳದಲ್ಲಿ ಒಂದಿಷ್ಟು ಉಳೀತಿತ್ತು,
ತಣಿದರೆ ದಂಡ.
ಮನೆಗೊಂದು ಕಾವಲಿ ಹೊಯ್ಕೊಳ್ತಿದ್ವಿ.
ಬೆನ್ನಿಗೆ ಕಟ್ಟಿ, ಮೇಲೆ ಕಂಬಳಿ ಹೊದ್ದು, ಗೇಟು ದಾಟೋದು.
ವಾಚ್‌ಮನ್ ಹೊನ್ನಾಳಪ್ಪ ಸರಿಯಾಗಿ ಅದೇ ಹೊತ್ತಿಗೆ
ಬೀಡಿ ಹಚ್ಚೋಕೆ ಆ ಕಡೆ ತಿರುಗ್ತಿದ್ದ.
ಕದ್ದಿದ್ದರ ಮೇಲೆ ಹೆಸರು ಯಾರು ಬರೀತಾರೆ?

ಬೆಲೆ ಎಷ್ಟು ಹಾಕಲಿ ಅಂತ ಕೇಳಿದೆ.
ಅಮ್ಮನಿಗೆ ಕೆಜಿ ಲೆಕ್ಕ ಕೊಡು ಅಂದ, ಮೋಸ ಆಗದ ಹಾಗೆ.
ಕೊಟ್ಟೆ. ಸುಧನ್ವನ ನೋಟಲ್ಲಿ ಒಂದನ್ನು
ಚಿಲ್ಲರೆ ಇಲ್ಲ ಅಂತ ಹಾಗೇ ಮಡಿಚಿಟ್ಟೆ ಅವಳ ಕೈಗೆ.

ಗುರುವಾರ ಲಾರಿ ಬಂತು.
ಪುಸ್ತಕದಲ್ಲಿ ಕಾವಲಿ ಇತ್ತು, ಲೋಡಿನಲ್ಲಿರಲಿಲ್ಲ.
ಹಿಂದಿನ ಸಂಜೆ ಸವರಿಯಪ್ಪ
ಏಪ್ರಿಲ್ ಸೆಕೆಯಲ್ಲಿ ಕಂಬಳಿ ಹೊದ್ದು ಹೊರಟಿದ್ದ,
ಬೆನ್ನು ನೆಟ್ಟಗಿತ್ತು, ಹುಡುಗನ ಹಾಗೆ.
ನನಗೆ ಬೀಡಿ ಅಭ್ಯಾಸವಿಲ್ಲ.
ತಕ್ಕಡಿಯ ಕಡೆ ತಿರುಗಿ
ಬೋಲ್ಟು ಎಣಿಸುತ್ತಿದ್ದೆ.